ಒಂದು ಸೀಟು ಬಾಕಿ

ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಾಗ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅವನು ತಿರುಪನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ಕೊನೆಗೆ ಮುಷ್ಟಿಯಿಂದ ಗುದ್ದಿದ. ನೋವಾದದ್ದು ಮುಷ್ಟಿಗೇ. ಈ ಲಾಡ್ಜಿನಲ್ಲಿ ದಿನಾ ಬೆಳಿಗ್ಗೆ ಇದೇ ಹೊತ್ತಿಗೆ ನೀರು ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಇದೇ ಹೊತ್ತಿಗೆ ಸ್ನಾನಕ್ಕೆ ನಿಲ್ಲುತ್ತಿದ್ದ, ದಿನಾ ಸಿಟ್ಟು ಮಾಡಿಕೊಳ್ಳುತ್ತಿದ್ದ. ಬೆಳಗಿನ ಚಹಾದ ಹಾಗೆ ನಿನಗೆ ಈ ಸಿಟ್ಟೂ ಬೇಕೇನೋ ಎಂದು ಯಾರಾದರೂ ಹೇಳಿದ್ದರೆ ಅವರನ್ನೂ ಬೈದುಬಿಡುತ್ತಿದ್ದ. ಟವೆಲಿನಿಂದ ಸೋಪು ಒರೆಸಿಕೊಂಡ. ಅದು ಬೆನ್ನಿನ ಮೇಲೆ ಒಣಗಿ ಚರ್ಮವನ್ನು ಬಿಗಿಯತೊಡಗಿತು. ಒರೆಸುತ್ತಿದ್ದ ಕೈ ಎಡಪಕ್ಕೆಯ ಕೆಳಗೆ, ಸೊಂಟಕ್ಕಿಂತ ಸ್ವಲ್ಪ ಮೇಲೆ, ತಾನಾಗಿ ಹೋಗಿ ನಿಂತಿತು. ಈಚೆಗೆ ಇದೊಂದು ಚಟವಾಗಿತ್ತು. ಹೊರಗಿನಿಂದ ಏನೂ ತಿಳಿಯುವುದಿಲ್ಲ, ಬರೀ ಚರ್ಮ, ಅದರ ಕೆಳಗೆ ಒಂದಿಷ್ಟು ಕೊಬ್ಬು. ಮೂವತ್ತಮೂರು ವರ್ಷ ಅವನು ಆ ಜಾಗವನ್ನು ಒಮ್ಮೆಯೂ ನೆನೆದವನಲ್ಲ. ಈಗ ಮನೆಮಂದಿಯೆಲ್ಲ ಅದರ ಬಗ್ಗೆಯೇ ಮಾತಾಡುತ್ತಿದ್ದರು.

ಡಾಕ್ಟರು ಬಾಗಿಲು ತೆರೆದು, ತಮ್ಮನ ಕಿಡ್ನಿ ಅಣ್ಣನಿಗೆ ಚೆನ್ನಾಗಿ ಹೊಂದುತ್ತದೆ, ಅಂದದ್ದೇ ತಡ ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೂ ಅತ್ತುಬಿಟ್ಟಿದ್ದರು. ಅತ್ತಿಗೆ ಅವನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಚಿಕ್ಕಪ್ಪ ಬೆನ್ನಿಗೆ ಗುದ್ದಿ, ಹುಲಿ ಕಣೋ ನೀನು, ಅಂದ. ಅಮ್ಮ ಹತ್ತಿರ ಬಂದವಳು ಮುಖ ನೋಡಲಿಲ್ಲ. ಅವನ ಸೊಂಟದ ಮೇಲೆ ಕೈಯಿಟ್ಟಳು. ಕಳೆದುಹೋಗಿದ್ದ ಪಾತ್ರೆ ಅಟ್ಟದ ಮೇಲೆ ಸಿಕ್ಕಿದಾಗ ಅದನ್ನು ತಡವುತ್ತಾರಲ್ಲ, ಹಾಗೆ. ಅವನ ಮೈಯೆಲ್ಲ ಉರಿದುಹೋಗಿತ್ತು. ಕೊಡುತ್ತೀಯಾ ಎಂದು ಒಬ್ಬರೂ ಕೇಳಿರಲಿಲ್ಲ. ಕೇಳುವ ಮಾತೇ ಅದಲ್ಲ ಎಂಬಂತೆ ಎಲ್ಲರೂ ಮುಂದಿನದಕ್ಕೆ ಹೋಗಿಬಿಟ್ಟಿದ್ದರು. ಅಂದಿನಿಂದ ಅತ್ತಿಗೆ ಅವನ ತಟ್ಟೆಗೆ ಉಪ್ಪು ಕಡಿಮೆ ಹಾಕತೊಡಗಿದಳು, ಜೇಬಿನ ಸಿಗರೇಟು ಮಾಯವಾಯಿತು, ಬೈಕಿನ ಕೀಲಿ ಬೀರುವಿನೊಳಗೆ ಹೋಯಿತು. ನೀರು ಕುಡಿದೆಯಾ, ನೀರು ಕುಡಿದೆಯಾ, ನೀರು ಕುಡಿದೆಯಾ. ಅವನ ಆರೋಗ್ಯವನ್ನು ಜನ್ಮದಲ್ಲಿ ವಿಚಾರಿಸದವರು ಈಗ ಅವನು ಸೀನಿದರೆ ಬೆಚ್ಚುತ್ತಿದ್ದರು. ಅಣ್ಣನೊಬ್ಬ ಮಾತ್ರ ಏನೂ ಅನ್ನಲಿಲ್ಲ. ಕಾರಿಡಾರಿನಲ್ಲಿ ಎಲ್ಲ ಅಳುತ್ತಿದ್ದಾಗಲೂ ಅವನು ಗಾಲಿಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದ. ಎಷ್ಟು ಸೊಕ್ಕು! ತನ್ನ ಬಾಯಿಂದ ಒಂದು ಮಾತು, ಬೇಡುವುದು ಬೇಡ, ಬರೀ ಒಂದು ಮಾತು ಕೇಳುವುದಕ್ಕೂ ಆಗದಷ್ಟು. ವಾರ ಕಳೆದ ಮೇಲೆ ಬಾಯಿ ಬಿಟ್ಟದ್ದೂ ಬೇರೆಯದಕ್ಕೆ: "ಎಲ್ಲಾದ್ರೂ ಸುತ್ತಾಡ್ಕೊಂಡು ಬಾರೋ ನಾಕು ದಿನ. ಆಮೇಲೆ ಆಗುತ್ತೋ ಇಲ್ವೋ." ಕೊಯ್ಯುವ ಮೊದಲು ಕುರಿಗೆ ಸೊಪ್ಪು ಹಾಕುತ್ತಿದ್ದಾನೆ ಅನ್ನಿಸಿ ಅವನು ಅದೇ ಸಂಜೆ ಬೆನ್ನಿಗೊಂದು ಚೀಲ ಏರಿಸಿ ಈ ಕಡಲತೀರದ ಊರಿಗೆ ಹೊರಟುಬಿಟ್ಟಿದ್ದ.

ನಾಕು ದಿನ ಎಂದೋ ಕಳೆದಿತ್ತು. ಮೊದಮೊದಲು ಕಾರಣಗಳಿದ್ದವು. ಸಮುದ್ರ ಬಿರುಸಾಗಿದೆ, ದೋಣಿ ಬಿಡುತ್ತಿಲ್ಲ, ನಡುಗಡ್ಡೆ ನೋಡದೆ ಹೋಗುವುದು ಹೇಗೆ. ನಡುಗಡ್ಡೆ ನೋಡಿದ, ಬರೀ ಕಲ್ಲು, ಹಕ್ಕಿಯ ಹಿಕ್ಕೆ. ಆಮೇಲೆ ಚಪ್ಪಲಿ. ಇಲ್ಲಿಯ ಮುಖ್ಯ ಬೀದಿಯಲ್ಲಿ, ಪ್ಲಾಸ್ಟಿಕ್ಕಿನ ಕನ್ನಡಕ, ಹುಲ್ಲಿನ ಟೋಪಿ ಮಾರುವ ಅಂಗಡಿಯಲ್ಲಿ ಕೊಂಡ ಚಪ್ಪಲಿ ಹಿಮ್ಮಡಿಯನ್ನು ಕಚ್ಚಿ ಗುಳ್ಳೆ ಎಬ್ಬಿಸಿತು, ಗುಳ್ಳೆ ಒಡೆಯಿತು, ಮರಳು ಹೊಕ್ಕಿತು. ಕಾಲು ವಾಸಿಯಾಗಲಿ ಎಂದು ಮನೆಗೆ ಹೇಳಿದ. ಅದೇ ಕೊನೆಯ ಮಾತು. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ. ಆ ನಡುವೆ ಡಾಕ್ಟರು ಗೊತ್ತುಮಾಡಿದ್ದ ದಿನವೂ ಬಂದು ಹೋಯಿತು. ಅಂದು ಅವನನ್ನು ಒಂದು ಕೋಣೆಯಲ್ಲಿ ಒಬ್ಬನನ್ನೇ ಕೂರಿಸಿ, ಮನೆಯವರನ್ನೆಲ್ಲ ಆಚೆ ಕಳಿಸಿ, ನಿನಗೆ ಮನಸ್ಸಿದೆಯೇ ಎಂದು ಕೇಳುವುದಿತ್ತಂತೆ. ಆ ಆಸ್ಪತ್ರೆಯ ಪದ್ಧತಿ ಅದು. ಇಲ್ಲ ಅಂದರೆ ಕೊನೆಯ ಪರೀಕ್ಷೆಯಲ್ಲಿ ಹೊಂದಿಕೆಯಾಗಲಿಲ್ಲ ಎಂದು ಡಾಕ್ಟರೇ ಮನೆಯವರಿಗೆ ಸುಳ್ಳು ಹೇಳುತ್ತಾರಂತೆ. ನಾಟಕ! ಅಮ್ಮ ಬಾಗಿಲಾಚೆ ಸೆರಗು ಬಾಯಿಗೊತ್ತಿಕೊಂಡು ನಿಂತಿರುವಾಗ ಒಳಗೆ ಮನಸ್ಸು ಎಲ್ಲಿಂದ ಬರಬೇಕು? ಆ ದಿನವಿಡೀ ಅವನು ದಂಡೆಯಲ್ಲಿ ಬೋರಲು ಮಲಗಿ ಬೆನ್ನು ಸುಟ್ಟುಕೊಂಡಿದ್ದ.

ಈಗ ಮಂಚದ ಅಂಚಿಗೆ ಕೂತು ಹಿಮ್ಮಡಿಗೆ ಹತ್ತಿ ಅಂಟಿಸಿಕೊಂಡು ಅದೇ ಚಪ್ಪಲಿ ಮೆಟ್ಟಿದ. ಬೇರೆ ಕೊಳ್ಳಬಹುದಿತ್ತು. ಕೊಳ್ಳಲಿಲ್ಲ. ಮನೆಯಲ್ಲಿದ್ದಾಗ ಹೊಸ ಚಪ್ಪಲಿಯನ್ನು ಅವನು ಮೊದಲು ಹಾಕಿದ್ದೇ ಇಲ್ಲ. ಅಪ್ಪ ಅವನಿಗೆಂದು ತಂದದ್ದನ್ನು ಅಣ್ಣ ಕಸಿದುಕೊಂಡು ತನ್ನ ಕಾಲಿಗೆ ಏರಿಸುತ್ತಿದ್ದ. ಅಣ್ಣನ ಪಾದ ದೊಡ್ಡದು, ಹಿಮ್ಮಡಿ ಹೊರಗೆ ಚಾಚಿಕೊಂಡಿರುತ್ತಿತ್ತು. ಹಾಗೇ ವಾರವಿಡೀ ಪಟಪಟ ಅನ್ನಿಸುತ್ತ ಶಾಲೆಗೆ, ಅಂಗಡಿಗೆ, ಮೈದಾನಕ್ಕೆ. ಇವನು ಹಳೆಯ ಸವೆದದ್ದರಲ್ಲಿ ಹಿಂದೆ ಹಿಂದೆ. "ತಡಿಯೋ, ಮೆತ್ತಗೆ ಮಾಡಿ ಕೊಡ್ತೀನಿ." ಹೊಳಪು ಹೋದ ಮೇಲೆ, ಹೊಸ ವಾಸನೆ ಹೋದ ಮೇಲೆ ಅದು ಇವನಿಗೆ. ಇವನ ಬಾಲ್ಯದಲ್ಲಿ ಹೊಸದು ಎನ್ನುವುದೇ ಇರಲಿಲ್ಲ. ಎಲ್ಲವೂ ಅಣ್ಣ ಹಾಕಿ ಬಿಟ್ಟದ್ದು. ಈಗ ನೋಡಿದರೆ ಲೆಕ್ಕ ತಿರುಗಿತು, ಇವನು ಬಳಸಿದ್ದು ಅವನಿಗೆ. ಅದೂ ಕೇಳದೆಯೇ. ಅವನು ಬಾಗಿಲನ್ನು ದಡಾರನೆ ಎಳೆದುಕೊಂಡು ಹೊರಗೆ ಬಂದ.

ಫೋನು ಕೆಳಗೆ ಕೌಂಟರಿನಲ್ಲಿತ್ತು. ಕೋಣೆಯ ಪ್ಲಗ್ಗು ಕೆಟ್ಟಿದ್ದರಿಂದ ರಾತ್ರಿ ಅಲ್ಲೇ ಚಾರ್ಜಿಗೆ ಇಡುತ್ತಿದ್ದ. ಅದು ಬಡಿದುಕೊಳ್ಳುವುದು ಕಿವಿಗೆ ಬೀಳದಿರಲಿ ಎಂಬುದೂ ಇತ್ತು. ಕೌಂಟರಿನ ಹಿಂದೆ ಲಾಡ್ಜಿನ ಒಡತಿ ದಿಂಬಿನ ಚೀಲಗಳನ್ನು ಮಡಚುತ್ತ ಕೂತಿರುತ್ತಾಳೆ. ಅವಳಿಗೆ ಐವತ್ತರ ಮೇಲೆ, ಬಾಯಿ ಜೋರು. ದಿನಾ ಅವನು ಮೆಟ್ಟಿಲಿಳಿಯುವುದು ಕಂಡರೆ ಸಾಕು, "ಏನು ನಾಳೆ ಸಾಹೇಬ್ರು, ಇವತ್ತು ಹೊರಡೋದಾ?" ಅನ್ನುವಳು. ಅವನು "ನಾಳೆ" ಅನ್ನಬೇಕು, ಅವಳು ನಗಬೇಕು. ಈ ಹೆಸರು ಈಗ ಚಹಾದಂಗಡಿಗೂ ದೋಣಿಯವರಿಗೂ ಹರಡಿತ್ತು. ಅವನಿಗೆ ಅದು ಮೊದಲು ಹಿಡಿಸಿತ್ತು, ಸಲಿಗೆ ಅನ್ನಿಸಿತ್ತು. ಆಮೇಲಾಮೇಲೆ ಕಾಲಡಿಯ ಮರಳಿನ ಹಾಗೆ ಕಿರಿಕಿರಿಯಾಗತೊಡಗಿತು. ಇವತ್ತು ಕೇಳಿದರೆ ಸರಿಯಾಗಿ ಮುಖಕ್ಕೆ ಹೇಳಬೇಕು, ನನಗೂ ಒಂದು ಮರ್ಯಾದೆಯಿದೆ, ಮೊದಲು ನಿಮ್ಮ ನಲ್ಲಿ ಸರಿಮಾಡಿಸಿ, ಎಂದು ಮಾತು ಜೋಡಿಸಿಕೊಂಡು ಇಳಿದ.

ಅವಳು ಏನೂ ಕೇಳಲಿಲ್ಲ. ಎದ್ದು ನಿಂತಳು. ಕುರ್ಚಿ ತೋರಿಸಿದಳು.

"ಕೂತ್ಕೊಳ್ಳಿ. ಚಹಾ ತರಲಾ?"

"ನೀರು ಬರ್ತಿಲ್ಲ."

"ಗೊತ್ತು. ಕೂತ್ಕೊಳ್ಳಿ." ಅವಳು ಫೋನಿನ ವಯರು ಬಿಡಿಸಿ ಎರಡೂ ಕೈಯಲ್ಲಿ ಕೊಟ್ಟಳು. "ಬೆಳಿಗ್ಗೆಯಿಂದ ಒಂದೇ ಸಮ ಹೊಡ್ಕೊಳ್ತಿತ್ತು. ಏನೋ ಅರ್ಜೆಂಟ್ ಇರ್ಬೇಕು ಅಂತ ಎತ್ತಿದೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಅತ್ತಿಗೆ ಮಾತಾಡಿದ್ರು."

"ಏನಂತೆ?"

"ನೀವು ಅವಸರ ಮಾಡ್ಕೊಂಡು ಬರೋದು ಬೇಡ್ವಂತೆ. ನಿಮ್ಮ ತಾಯಿದು ಹೊಂದಿದೆಯಂತೆ. ನಾಳೆ ಬೆಳಿಗ್ಗೆ ಅವರನ್ನ ಸೇರಿಸ್ಕೋತಾರಂತೆ." ಅವಳು ದಿಂಬಿನ ಚೀಲವನ್ನು ಮತ್ತೆ ಕೈಗೆತ್ತಿಕೊಂಡಳು, ಮಡಚಿದ್ದನ್ನೇ ಬಿಡಿಸಿದಳು. "ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ರೆ ಆ ಥರ ತಮಾಷೆ ಮಾಡ್ತಿರಲಿಲ್ಲ."

ಅವಳ ಬಾಯಲ್ಲಿ ಅದನ್ನು ಕೇಳಬೇಕಾಯಿತಲ್ಲ. ಉಪ್ಪುಗಾಳಿಗೆ ತುಕ್ಕು ಹಿಡಿದ ಈ ಕೌಂಟರಿನ ಎದುರು, ಯಾರೋ ಬಿಟ್ಟುಹೋದ ಈಜುಕನ್ನಡಕಗಳನ್ನು ತೂಗುಹಾಕಿದ ಗೋಡೆಯ ಎದುರು, ತನ್ನ ಹೆಸರೂ ನೆಟ್ಟಗೆ ಗೊತ್ತಿಲ್ಲದ ಹೆಂಗಸಿನ ಬಾಯಲ್ಲಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳ ಮುಖದಲ್ಲಿ ಇದ್ದದ್ದು ಮರುಕವೂ ಅಲ್ಲ. ಕಾಲಿಲ್ಲದವನ ಎದುರು ಓಟದ ಮಾತೆತ್ತಿಬಿಟ್ಟವರ ಮುಖ. ಯಾರು ಹೇಳಿದರು ನಿಮಗೆ ನನ್ನ ಫೋನು ಎತ್ತಲು, ಎಂದು ಕಿರುಚಿದ. ಕಿರುಚಿದ್ದು ಚಹಾದಂಗಡಿಗೂ ಕೇಳಿರಬೇಕು. ಅವಳು ತಲೆ ತಗ್ಗಿಸಿ ತಪ್ಪಾಯಿತು ಅಂದಳು. ಎಂಥ ಜಗಳಗಂಟಿ, ಒಂದು ಟವೆಲಿಗೆ ಪ್ರಪಂಚ ತಲೆಕೆಳಗು ಮಾಡುವವಳು, ತಪ್ಪಾಯಿತು ಅಂದುಬಿಟ್ಟಳು! ಅವನಿಗೆ ಜಗಳವಾಡಲೂ ಯಾರೂ ಉಳಿಯಲಿಲ್ಲ.

ಯಾರ ಕಿವಿಗೂ ಬೀಳದೆ ಮಾತಾಡಬಹುದಾದದ್ದು ತಾರಸಿಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಮೆಟ್ಟಿಲು ಹತ್ತುವಾಗ ಅಮ್ಮನ ಮಂಡಿ ನೆನಪಾಯಿತು. ಮೂರು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಲ್ಲುವ ಮಂಡಿ. ಆ ಹೆಂಗಸನ್ನು ಮಲಗಿಸಿ ಕೊಯ್ಯುತ್ತಾರಂತೆ, ಎಲ್ಲ ಸೇರಿ ಒಪ್ಪಿಸಿರಬೇಕು. ಕೆಳಗೆ ಬಿಳಿ ದಂಡೆ, ಅದರ ಮೇಲೆ ಎಣ್ಣೆ ಹಚ್ಚಿಕೊಂಡು ಸಾಲಾಗಿ ಬಿದ್ದ ಮೈಗಳು. ಎಲ್ಲರ ಪಕ್ಕೆಯಲ್ಲೂ ಎರಡೆರಡು, ಯಾರಿಗೂ ಅದರ ಪರಿವೆಯಿಲ್ಲ. ಅಣ್ಣನ ನಂಬರು ಒತ್ತಿದ. ಆ ಕಡೆಯಿಂದ ಅಣ್ಣನ ದನಿ, ಒಣಗಿದ್ದು, ಬಾಯಲ್ಲಿ ಉಗುಳಿಲ್ಲದವನ ದನಿ. ಅವನಿಗೆ ದಿನಕ್ಕೆ ಇಷ್ಟೇ ನೀರು ಎಂದು ಅಳತೆ.

"ಏನೋ, ಕಾಲು ಹೇಗಿದೆ?"

"ಅಮ್ಮನ್ನ ಹ್ಯಾಗೆ ಒಪ್ಪಿಸಿದೆ ನೀನು? ನಾಚಿಕೆ ಆಗಲ್ವಾ?"

"ನಾನೆಲ್ಲಿ ಒಪ್ಪಿಸ್ಲಿ. ಯಾರಿಗೂ ಹೇಳ್ದೆ ತಾನೇ ಹೋಗಿ ಪರೀಕ್ಷೆ ಮಾಡಿಸ್ಕೊಂಡು ಬಂದಿದಾಳೆ. ನಿನ್ನೆ ಗೊತ್ತಾಯ್ತು. ಬೇಡ ಅಂದೆ, ಕೇಳ್ತಾಳಾ? ಊಟ ಬಿಟ್ಟು ಕೂತಿದಾಳೆ."

"ಮತ್ತೆ ನನ್ನ ಯಾಕೆ ಕೇಳ್ಲಿಲ್ಲ?" ಅಂದುಬಿಟ್ಟ. ಅಂದ ಮೇಲೆ ತಡೆಯಲಾಗಲಿಲ್ಲ. "ಒಂದು ಸಲ? ಒಂದೇ ಒಂದು ಸಲ ನೀನು ಬಾಯಿಬಿಟ್ಟು ಕೇಳಿದ್ಯಾ? ನಾನೇನು ಅಂಗಡೀಲಿ ಇಟ್ಟಿರೋ ಸಾಮಾನಾ? ಎಲ್ರೂ ಸೇರಿ ನನ್ನ ಮೈ ಹಂಚ್ಕೊಂಡ್ರಿ, ನೀನು ಗೋಡೆ ನೋಡ್ತಾ ಕೂತಿದ್ದೆ!"

 

"ನಾನು ಕೇಳಿದ್ರೆ ನಿಂಗೆ ಇಲ್ಲ ಅನ್ನೋಕಾಗ್ತಿರಲಿಲ್ಲ ಕಣೋ. ಅದಕ್ಕೇ ಕೇಳ್ಲಿಲ್ಲ."

ಟ್ಯಾಂಕಿಗೆ ಎಲ್ಲಿಂದಲೋ ನೀರು ಬೀಳತೊಡಗಿತು.

"ಅದಕ್ಕೇ ಕಳ್ಸಿದ್ದು ನಿನ್ನ," ಅಣ್ಣ ಹೇಳಿದ. "ಮನೇಲಿದ್ರೆ ಇವರೆಲ್ಲ ನಿನ್ನ ಬಿಡ್ತಿರಲಿಲ್ಲ. ದೂರ ಹೋಗಿ ಯೋಚ್ನೆ ಮಾಡ್ಲಿ ಅಂತ. ಬರ್ಲಿಲ್ಲ ನೀನು, ಅಲ್ಲಿಗೆ ನಂಗೆ ಗೊತ್ತಾಯ್ತು. ಬೇಜಾರಿಲ್ಲಪ್ಪ, ಆಣೆಗೂ ಬೇಜಾರಿಲ್ಲ. ಇನ್ನೂ ಸ್ವಲ್ಪ ದಿನ ಇದ್ದು ಬಾ. ಇಲ್ಲಿ ಬಂದ್ರೆ ಎಲ್ಲಾ ಒಂಥರಾ ನೋಡ್ತಾರೆ ಈಗ."

"ನಾನು ಹೊರಟೆ. ನಾನೇ ಕೊಡ್ತೀನಿ. ಡಾಕ್ಟರಿಗೆ ಹೇಳು."

"ಆಯ್ತು."

"ಇವತ್ತು ರಾತ್ರಿ ರೈಲಿಗೆ! ಬೆಳಿಗ್ಗೆ ಅಮ್ಮನ್ನ ಸೇರಿಸ್ಕೊಳ್ಳೋದರೊಳಗೆ ಅಲ್ಲಿರ್ತೀನಿ."

"ಆಯ್ತು ಬಿಡು," ಅಂದ ಅಣ್ಣ. ನಾಳೆಯಿಂದ ಸಿಗರೇಟು ಬಿಡುತ್ತೇನೆ ಅಂದವರಿಗೆ ಹೇಳುವ ದನಿಯಲ್ಲಿ.

ಬೇಜಾರಿಲ್ಲವಂತೆ! ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತ ಅವನು ಹಲ್ಲು ಕಡಿದ. ಯಾವನು ಕೊಟ್ಟ ಅಣ್ಣನಿಗೆ ಬೇಜಾರು ಮಾಡಿಕೊಳ್ಳದಿರುವ ಹಕ್ಕು? ಒದೆಯಬೇಕಿತ್ತು, ಅಳಬೇಕಿತ್ತು, ಪಾಪಿ ಎಂದು ಶಾಪ ಹಾಕಬೇಕಿತ್ತು. ಇವನು ಇಷ್ಟು ದಿನ ಮರಳಿನಲ್ಲಿ ಬಿದ್ದುಕೊಂಡು ಗುದ್ದಾಡಿದ್ದು ಯಾರ ಜೊತೆಗೆ ಹಾಗಾದರೆ? ಎದುರಿಗೆ ಯಾರೂ ಇರಲೇ ಇಲ್ಲ. ಬಾಗಿಲು ತೆರೆದೇ ಇತ್ತು, ತೆರೆದಿಟ್ಟವನು ಅಣ್ಣ, ಮತ್ತು ಇವನು ಅದರಿಂದ ನಡೆದುಹೋದದ್ದನ್ನು ಅಣ್ಣ ಕೂತು ನೋಡಿದ್ದಾನೆ. ಯಾಕೋ ಅಣ್ಣನ ಹಿಮ್ಮಡಿ ಕಣ್ಣೆದುರು ಬಂತು. ಚಪ್ಪಲಿಯಿಂದ ಹೊರಗೆ ಚಾಚಿದ ಹಿಮ್ಮಡಿ, ಅದರ ಮೇಲೆ ಅಡ್ಡಕ್ಕೆ ಅಂಟಿಸಿದ ಬಟ್ಟೆಯ ಪಟ್ಟಿ, ಪಟ್ಟಿಯಿಂದ ಒಸರಿ ಒಣಗಿದ ಕಂದು ಕಲೆ. ಪ್ರತಿ ವರ್ಷ ಶಾಲೆ ಶುರುವಾದ ವಾರ ಅಣ್ಣ ಕುಂಟುತ್ತಿದ್ದ. ಅದು ಅವನ ನಡಿಗೆಯೇ ಎಂದು ಇವನು ತಿಳಿದಿದ್ದ, ಹಿಂದಿನಿಂದ ಅದನ್ನು ಅಣಕಿಸಿ ಗೆಳೆಯರನ್ನು ನಗಿಸುತ್ತಿದ್ದ. ಚೀಲದ ಜಿಪ್ಪು ಸಿಕ್ಕಿಕೊಂಡಿತು. ಎಳೆದ, ಕಿತ್ತುಬಂತು. ಬಾಯಿ ತೆರೆದ ಚೀಲವನ್ನೇ ಬೆನ್ನಿಗೇರಿಸಿಕೊಂಡು ಇಳಿದ.

ಒಡತಿ ಬಾಗಿಲವರೆಗೆ ಬಂದಳು. "ಮುಂದಿನ ವ್ಯಾನು ತಪ್ಪಿಸ್ಕೋಬೇಡಿ. ಅದಕ್ಕೆ ಹೋದ್ರೆ ರೈಲು ಸಿಗುತ್ತೆ. ಅದರ ನಂತರದ್ದಕ್ಕೆ ಸಿಗಲ್ಲ." ನಾಳೆ ಸಾಹೇಬ್ರೇ ಅಂತ ಒಮ್ಮೆ ಕರೆಯಲಿ ಎಂದು ಅವನ ಜೀವ ಬಡಿದುಕೊಂಡಿತು. ಕರೆಯಲಿಲ್ಲ.

ವ್ಯಾನು ಆಲದ ಮರದ ಕೆಳಗೆ ನಿಂತಿತ್ತು. ಒಳಗೆ ಹೋಗಿ ಹಿಂದಿನ ಸೀಟಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತ. ಮೀನಿನ ಬುಟ್ಟಿಯ ಹೆಂಗಸು, ನಿದ್ದೆ ಹೋದ ಇಬ್ಬರು ಸಿಪಾಯಿಗಳು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡವಳು, ಇನ್ನು ಯಾರ್ಯಾರೋ. ಸೀಟುಗಳು ಬಿಸಿಯಾಗಿದ್ದವು. ಚಾಲಕ ಹೊರಗೆ ಬಾನೆಟ್ಟಿಗೆ ಒರಗಿ ಕಡಲೆಕಾಯಿ ಸುಲಿಯುತ್ತಿದ್ದ.

"ಯಾವಾಗ ಹೊರಡುತ್ತೆ?"

"ತುಂಬಿದ ಮೇಲೆ."

"ಇನ್ನೆಷ್ಟು ಜನ ಬೇಕು?"

"ಒಬ್ರು ಬೇಕು."

"ಆ ಸೀಟಿಂದೂ ನಾನೇ ಕೊಡ್ತೀನಿ. ಹೊರಡ್ರಿ."

ಚಾಲಕ ಸಿಪ್ಪೆ ಊದಿದ. "ದುಡ್ಡಿನ ಮಾತಲ್ಲ ಸ್ವಾಮಿ. ಊರಾಚೆ ಯೂನಿಯನ್ ಗೇಟಲ್ಲಿ ತಲೆ ಎಣಿಸ್ತಾರೆ. ಖಾಲಿ ಸೀಟು ಕಂಡ್ರೆ ನನ್ನ ಸರದಿ ಕಿತ್ತು ಹಿಂದಿನವನಿಗೆ ಕೊಡ್ತಾರೆ. ಕೂತ್ಕೊಳ್ಳಿ, ಯಾರಾದ್ರೂ ಬರ್ತಾರೆ."

"ಯಾವಾಗ ಬರ್ತಾರೆ?"

"ಬಂದಾಗ."

ಈ ಊರಿನ ಮೇಲೆ, ಇಲ್ಲಿಯ ಸೋಮಾರಿ ಬಿಸಿಲಿನ ಮೇಲೆ, ಈ ಕಡಲೆಕಾಯಿಯ ಮೇಲೆ ಅವನಿಗೆ ರೋಷ ಉಕ್ಕಿತು. ಇಷ್ಟು ದಿನ ಇದೇ ಅವನಿಗೆ ಹಿತವಾಗಿದ್ದದ್ದು. ಯಾರೂ ಗಡಿಯಾರ ನೋಡುವುದಿಲ್ಲ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಕೆಳಗಿಳಿದ. ಮೊದಲು ಸುಮ್ಮನೆ ನಿಂತ. ಆಮೇಲೆ ಎದುರು ಬಂದ ಟೋಪಿಯವನನ್ನು, ರೈಲ್ವೆ ಸ್ಟೇಷನ್ನಿಗಾ, ಎಂದು ಕೇಳಿದ. ಅವನು ತಲೆ ಅಲ್ಲಾಡಿಸಿ ದಾಟಿಹೋದ. ಐಸಿನ ಗಾಡಿಯ ಬಳಿ ನಿಂತಿದ್ದ ಗಂಡ ಹೆಂಡತಿಯನ್ನು ಕೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇಲ್ಲ, ಇವತ್ತಾಗಲ್ಲ, ಅಂದರು. ಚಹಾದಂಗಡಿಯ ಬೆಂಚಿನ ಮೇಲೆ ಸನ್ಯಾಸಿ ಕೂತಿದ್ದ. ಪಕ್ಕದ ಕೋಣೆಯವನು, ಇವನಿಗಿಂತಲೂ ಮೊದಲೇ ಬಂದು ತಳವೂರಿದ ಪ್ರವಾಸಿ. ಗಡ್ಡ ಬಿಟ್ಟದ್ದಕ್ಕೆ ಒಡತಿ ಇಟ್ಟ ಹೆಸರು ಅದು. ದಿನಾ ಸಂಜೆ ಇಬ್ಬರೂ ಒಟ್ಟಿಗೆ ಕೂತು ಸಮುದ್ರಕ್ಕೆ ಬೆಂಕಿಕಡ್ಡಿ ಎಸೆಯುತ್ತಿದ್ದರು.

"ನನ್ ಜೊತೆ ಬರ್ತೀಯಾ ಸ್ಟೇಷನ್‌ವರೆಗೆ? ವಾಪಸ್ ಬಾ ಬೇಕಾದ್ರೆ. ಒಂದು ತಲೆ ಕಮ್ಮಿ ಇದೆ."

"ಈಗ್ಲಾ?" ಸನ್ಯಾಸಿ ನಕ್ಕ. ನಗು ಅರ್ಧಕ್ಕೆ ನಿಂತಿತು. ಕಣ್ಣು ಪಕ್ಕಕ್ಕೆ ಸರಿಯಿತು, ಕೈ ಜೇಬಿಗೆ ಹೋಗಿ ಅಲ್ಲಿ ಏನನ್ನೋ ಹುಡುಕಿತು. "ಇಲ್ಲ ಮಾರಾಯಾ, ಈ ಬಿಸಿಲಲ್ಲಿ... ನಾಳೆ ಆದ್ರೆ ನೋಡೋಣ."

ಅವನು ಆ ಮುಖವನ್ನೇ ನೋಡುತ್ತ ನಿಂತ. ಟೋಪಿಯವನದೂ ಇದೇ ಮುಖ, ಐಸಿನ ಗಾಡಿಯವರದೂ ಇದೇ. ಕೇಳಿಸಿಕೊಂಡ ಕೂಡಲೆ ಕಣ್ಣು ಹೀಗೆ ಸರಿಯುತ್ತದೆ, ಇಲ್ಲ ಅನ್ನುವ ಮೊದಲೇ ಇಲ್ಲ ಅನ್ನುವುದು ಕಾಣಿಸಿಬಿಡುತ್ತದೆ. ಡಾಕ್ಟರು ಬಾಗಿಲು ತೆರೆದು ಆ ಮಾತು ಹೇಳಿದ ಹೊತ್ತಿನಲ್ಲಿ, ಎಲ್ಲರೂ ಅಳುವುದಕ್ಕೆ ಬಾಯಿ ತೆರೆಯುವ ಮೊದಲು, ಅಣ್ಣ ಒಂದೇ ಒಂದು ಸಲ ಇವನ ಕಡೆ ನೋಡಿದ್ದ. ಆಮೇಲೆಯೇ ಗೋಡೆ ನೋಡಿದ್ದು. ಇದು ಅವನಿಗೆ ಈಗ ನೆನಪಾಯಿತು. ಕೇಳುವ ಅಗತ್ಯವೇ ಇರಲಿಲ್ಲ. ಕೇಳಿದರೆ ಏನು ಕಾಣುತ್ತದೋ ಅದನ್ನು ಅಣ್ಣ ಕಂಡಾಗಿತ್ತು. ಕಂಡೂ, ಆ ಮುಖವನ್ನು ಇನ್ನು ಯಾರೂ ಕಾಣದಿರಲಿ ಎಂದು ಇವನನ್ನು ಇಷ್ಟು ದೂರ ಕಳಿಸಿದ್ದ. ಥೂ, ಎಂದು ಅವನು ಮರಳಿಗೆ ಉಗುಳಿದ. ಯಾರ ಮೇಲೆ ಉಗುಳಿದ್ದೆಂದು ಸನ್ಯಾಸಿ ಗಾಬರಿಯಾಗಿ ಎದ್ದ.

ಅವನು ಚಪ್ಪಲಿಗಳನ್ನು ಕಳಚಿ ಬೆಂಚಿನ ಕೆಳಗೆ ಒದ್ದ. ಬರಿಗಾಲಲ್ಲಿ ಸುಡುವ ಟಾರಿನ ಮೇಲೆ ರಸ್ತೆಯ ನಡುವಿಗೆ ಹೋದ. ಹುಟ್ಟಿದಾಗಿನಿಂದ ಯಾರಲ್ಲೂ ಏನನ್ನೂ ಕೇಳಿದವನಲ್ಲ. ಅದೊಂದು ಹೆಮ್ಮೆಯಿತ್ತು ಅವನಿಗೆ. ಮೊದಲ ಸಲ ಕೂಗಿದಾಗ ದನಿ ಒಡೆಯಿತು. ಚಾಲಕ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ನೋಡಿದ. ವ್ಯಾನಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಲಾಡ್ಜಿನ ಬಾಗಿಲಲ್ಲಿ ಒಡತಿ ಕೈಯಲ್ಲಿ ಬಕೀಟು ಹಿಡಿದು ನಿಂತಿದ್ದಳು. ನಿಲ್ಲಲಿ. ನೋಡಲಿ. ಒಬ್ಬೊಬ್ಬರ ಎದುರಿಗೂ ಹೋಗಿ ನಿಂತ, ಮುಖಕ್ಕೆ ಮುಖ ಕೊಟ್ಟು ಕೇಳಿದ, ಅವರ ಕಣ್ಣು ಸರಿಯುವವರೆಗೆ ಬಿಡದೆ ನೋಡಿದ, ಸರಿದ ಮೇಲೆ ಮುಂದಿನವರ ಬಳಿ ಹೋದ. ಹಿಮ್ಮಡಿಯ ಹತ್ತಿ ಎಲ್ಲೋ ಬಿದ್ದುಹೋಗಿತ್ತು. ಸಿಟ್ಟು ಇಳಿದಿರಲಿಲ್ಲ. ಈ ಸಿಟ್ಟನ್ನು ಹೊತ್ತುಕೊಂಡೇ ಹೋಗುತ್ತೇನೆ, ಸಿಟ್ಟಿನಿಂದಲೇ ಆಸ್ಪತ್ರೆಯ ಆ ಮಂಚದ ಮೇಲೆ ಮಲಗುತ್ತೇನೆ, ಅವನಿಗೆ ಬೇಜಾರಾಗುವ ಹಾಗೆ ಕೊಡುತ್ತೇನೆ.

"ಒಬ್ರು ಬೇಕು," ಎಂದು ಕೂಗಿದ. "ಒಬ್ರೇ ಸಾಕು. ಯಾರಾದ್ರೂ ಬನ್ನಿ."